ಮನೆಯ ಪೆಟ್ಟು, ಬೀದಿಯ ಜಗಳ

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳನ್ನು ಹೊಡೆಯಬಹುದೇ ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ: ‘ನಾವೂ ಪೆಟ್ಟು ತಿಂದೇ ದೊಡ್ಡವರಾದೆವು, ಏನಾಯಿತು?’ ಏನಾಯಿತು ಎಂಬುದನ್ನೇ ಇಂದು ಸ್ವಲ್ಪ ವಿಚಾರಿಸೋಣ. ಪೆಟ್ಟು ತಿಂದ ಮಗು ಮನೆಯಲ್ಲಿ ಸುಮ್ಮನಿರುತ್ತದೆ. ಅದನ್ನು ನೋಡಿ ಪೆಟ್ಟು ಫಲಿಸಿತೆಂದು ತಿಳಿಯುತ್ತೇವೆ. ಅದೇ ಮಗು ಓರಗೆಯವರ ನಡುವೆ ಹೇಗಿರುತ್ತದೆಂದು ನೋಡುವುದಕ್ಕೆ ನಮಗೆ ಪುರಸತ್ತಿಲ್ಲ.

ಹಿಂದೆ ಎಳೆಯ ಪ್ರಾಯದಲ್ಲೇ ಊರು ಬಿಟ್ಟು ಬಂದು ಮದರಾಸಿನ ಹೋಟೆಲು ಸೇರಿದ ಹಿರಿಯರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಧಣಿ ಸಪ್ಲೈಯರನನ್ನು ಬೈದರೆ ಸಪ್ಲೈಯರ್ ಕ್ಲೀನರ್ ಮಾಣಿಯ ತಲೆಗೆ ಕುಟ್ಟುತ್ತಿದ್ದ. ಮಾಣಿ ತನಗಿಂತ ತಿಂಗಳು ಈಚೆಗೆ ಬಂದ ಹುಡುಗನ ಕಿವಿ ಹಿಂಡುತ್ತಿದ್ದ. ಆ ಹೊಸ ಹುಡುಗ ಮಾಡಿದ ತಪ್ಪೇನು? ಏನೂ ಇಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಬಿತ್ತು, ಅಷ್ಟೆ. 2006ರ ಅಕ್ಟೋಬರಿನಿಂದ ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು ಕೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧವಾಗಿದೆ. ಒಳ್ಳೆಯದೇ ಆಯಿತು. ಆದರೆ ಮನೆಗಳಲ್ಲಿ ಈ ಏಣಿ ಇನ್ನೂ ಮುರಿದಿಲ್ಲ. ಮೇಲಧಿಕಾರಿ ಆಡಿದ ಮಾತು ಗುಮಾಸ್ತನೊಡನೆ ರೈಲು ಹತ್ತಿ ಮನೆಗೆ ಬರುತ್ತದೆ, ಮಗನ ಬೆನ್ನಮೇಲೆ ಬೀಳುತ್ತದೆ, ಮರುದಿನ ಶಾಲೆಯ ಅಂಗಳದಲ್ಲಿ ಇನ್ನೊಬ್ಬರ ಮನೆಯ ಹುಡುಗನನ್ನು ಹುಡುಕಿಕೊಂಡು ಹೋಗುತ್ತದೆ.

ಇದು ನಮ್ಮ ಊಹೆಯಲ್ಲ. ಅಮೆರಿಕದ ಕೆನೆತ್ ಡಾಡ್ಜ್ ಮತ್ತು ಸಂಗಡಿಗರು 309 ಎಳೆಯ ಮಕ್ಕಳನ್ನು ನಾಲ್ಕನೆಯ ವಯಸ್ಸಿನಿಂದ ಶಿಶುವಿಹಾರದವರೆಗೆ ಗಮನಿಸಿ 1990ರಲ್ಲಿ ತಮ್ಮ ವರದಿ ಪ್ರಕಟಿಸಿದರು. ಮನೆಯಲ್ಲಿ ಜೋರಾಗಿ ಪೆಟ್ಟು ತಿಂದ ಮಕ್ಕಳು ಶಿಶುವಿಹಾರದಲ್ಲಿ ಇತರರ ಮೇಲೆ ಹೆಚ್ಚಾಗಿ ಕೈಮಾಡುತ್ತಿದ್ದರು. ಮಗುವಿನ ಹುಟ್ಟುಗುಣ, ಮನೆಯ ಸ್ಥಿತಿಗತಿ ಮೊದಲಾದುವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ವ್ಯತ್ಯಾಸ ಉಳಿಯಿತು. ಅವರು ಕಂಡ ಕಾರಣ ಮನನ ಮಾಡತಕ್ಕದ್ದು. ಒಬ್ಬನ ಮೊಳಕೈ ತಗುಲಿ ನೀರಿನ ಬಾಟಲಿ ಬಿತ್ತೆನ್ನಿ. ಬೇರೆ ಮಕ್ಕಳು ‘ಅಕಸ್ಮಾತ್ತಾಗಿ ಬಿತ್ತು’ ಎಂದುಕೊಳ್ಳುತ್ತವೆ. ಪೆಟ್ಟು ತಿಂದು ಬೆಳೆದ ಮಗು ‘ಬೇಕೆಂದೇ ಬೀಳಿಸಿದ’ ಎಂದುಕೊಳ್ಳುತ್ತದೆ. ಯಾವ ಗಳಿಗೆಯಲ್ಲಿ ಯಾರ ಕೈ ಏಳುವುದೋ ಎಂದು ಕಾದು ಅಭ್ಯಾಸವಾದ ಕಣ್ಣಿಗೆ ಎಲ್ಲ ಕೈಗಳೂ ಹೊಡೆಯುವ ಕೈಗಳೇ.

ಅದು ಮೈಮೇಲೆ ಬಾಸುಂಡೆ ಏಳುವಂಥ ಪೆಟ್ಟಿನ ಮಾತಾಯಿತು, ನಾವು ಕೊಡುವುದು ಒಂದೆರಡು ಏಟು ಎನ್ನುವವರಿದ್ದಾರೆ. ಅಂಥ ಸಾಧಾರಣ ಏಟಿನ ಬಗೆಗೇ ಐವತ್ತು ವರ್ಷಗಳಲ್ಲಿ ನಡೆದ ಪರಿಶೀಲನೆಗಳನ್ನೆಲ್ಲ, ಒಂದೂವರೆ ಲಕ್ಷಕ್ಕೂ ಮಿಕ್ಕ ಮಕ್ಕಳ ವಿವರವನ್ನು, 2016ರಲ್ಲಿ ಒಟ್ಟುಗೂಡಿಸಿ ನೋಡಿದ್ದಾರೆ. ಹೆಚ್ಚು ಏಟು ತಿಂದವರಲ್ಲಿ ಜಗಳಗಂಟಿತನವೂ ಹೆಚ್ಚಾಗಿಯೇ ಕಂಡುಬಂದಿತು. ವಿಧೇಯತೆ ಬೆಳೆದದ್ದು ಕಾಣಲಿಲ್ಲ. ಹಾಗೆಂದು ಏಟು ತಿಂದವರೆಲ್ಲ ಪುಂಡರಾಗುತ್ತಾರೆಂದಲ್ಲ. ಕೆಲವರು ಮುದುಡಿಹೋಗುತ್ತಾರೆ. ಗಲ್ಲಿಯ ಕ್ರಿಕೆಟ್ಟಿನಲ್ಲಿ ಚೆಂಡು ಹೆಕ್ಕಿ ಕೊಡುವ ಕೆಲಸಕ್ಕೆ ಮಾತ್ರ ಬೇಕಾಗುವ, ಯಾರು ತಳ್ಳಿದರೂ ತಿರುಗಿ ನುಡಿಯದ ಹುಡುಗನನ್ನು ನೀವೆಲ್ಲ ನೋಡಿದ್ದೀರಿ. ಅವನನ್ನು ನಾವು ‘ಸಾಧು’ ಎನ್ನುತ್ತೇವೆ. ನಮಗೆ ಪುಂಡನಿಗಿಂತ ಅವನ ಚಿಂತೆಯೇ ಹೆಚ್ಚು.

ಈ ಊರಿನಲ್ಲಿ ನಮ್ಮ ಮಕ್ಕಳಿಗೆ ಇನ್ನೂ ಒಂದು ತೊಡಕಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷು. ಊರಿನಿಂದ ಹೊಸದಾಗಿ ಬಂದ ಮಗುವಿಗೆ ಜೊತೆಯವರು ಯಾಕೆ ನಗುತ್ತಿದ್ದಾರೆಂದು ಅರ್ಥವಾಗುವುದಿಲ್ಲ. ನಿಶ್ಚಿಂತೆಯ ಮಗುವಾದರೆ ತಾನೂ ನಕ್ಕು, ಹದಿನೈದು ದಿನಗಳಲ್ಲಿ ನಾಲ್ಕು ತಮಿಳು ಮಾತು ಕಲಿಯುತ್ತದೆ. ಹೆದರಿದ ಮಗು ‘ನನ್ನನ್ನೇ ನೋಡಿ ನಗುತ್ತಾರೆ’ ಎಂದು ಕೈಯೆತ್ತುತ್ತದೆ. ಊರಿನಲ್ಲಾದರೆ ಅಪ್ಪ ಕೋಲು ತೆಗೆದಾಗ ಓಡಿ ಅಡಗುವುದಕ್ಕೆ ಅಜ್ಜಿಯ ಸೆರಗಿತ್ತು, ದೊಡ್ಡಮ್ಮನ ಅಡಿಗೆಮನೆಯಿತ್ತು. ತಿರುವಲ್ಲಿಕ್ಕೇಣಿಯ ಒಂದು ಕೋಣೆಯ ಬಾಡಿಗೆಮನೆಯಲ್ಲಿ ಬಾಗಿಲು ಹಾಕಿದರೆ ಅಡಗುವುದೆಲ್ಲಿ? ಇಲ್ಲಿ ಆ ಮಗುವಿಗೆ ಬಂಧು ಬಳಗವೆಂದರೆ ಬೀದಿಯ ಸಂಗಾತಿಗಳೇ. ಪೆಟ್ಟು ಕೆಡಿಸುವುದು ಆ ಸಂಗವನ್ನೇ.

2007ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆಯು 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿದ ವರದಿ ಹೊರಬಂತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಮನೆಯವರಿಂದ ಹಿಂಸೆಗೊಳಗಾದವರ ಪೈಕಿ 100ಕ್ಕೆ 88ಕ್ಕಿಂತ ಹೆಚ್ಚು ಮಂದಿಗೆ ಅದು ತಂದೆತಾಯಿಗಳ ಕೈಯದು. ಶಾಲೆಯಲ್ಲಿ ಹೊಡೆಯಬಾರದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಹೇಳುತ್ತದೆ. ಸ್ವೀಡನ್ ದೇಶ 1979ರಲ್ಲೇ ಮನೆಯ ಏಟನ್ನೂ ನಿಷೇಧಿಸಿತು. ನಮ್ಮ ದೇಶದಲ್ಲಿ ಮನೆಗೆ ಅಷ್ಟು ನೇರವಾದ ನಿಷೇಧವಿಲ್ಲ. ಆದುದರಿಂದ ಈ ಕೆಲಸ ನಮ್ಮದೇ.

ಎಲ್ಲಕ್ಕಿಂತ ಕೆಟ್ಟದ್ದು ನೆರೆಯವರ ಮುಂದೆ ಹೊಡೆಯುವುದು. ಪಕ್ಕದ ಮನೆಯ ಅಮ್ಮ ‘ಉಂಗ ಪೈಯನ್ ಅಡಿಚ್ಚುಟ್ಟಾನ್’ ಎಂದು ದೂರು ತಂದ ಕೂಡಲೇ, ಪರಸ್ಥಳದವರೆಂಬ ಸಂಕೋಚಕ್ಕೆ, ಅವರೆದುರಿಗೇ ಮಗನ ಕೆನ್ನೆಗೆ ಬಾರಿಸುವುದುಂಟು. ಮರ್ಯಾದೆ ಉಳಿಯಿತೆಂದು ತಂದೆಗೆ ಅನ್ನಿಸುತ್ತದೆ. ಮಗನಿಗೆ ತಿಳಿದದ್ದಾದರೋ, ದೂರು ಒಯ್ಯುವವನಿಗೆ ಬಲವಿದೆ, ಹೊಡೆದವನು ಗೆದ್ದ ಎಂಬುದು. ಮುಂದಿನ ಸಲ ಅವನು ಯಾರೂ ನೋಡದ ಕಡೆ ಹೊಡೆಯುತ್ತಾನೆ. ಇಲ್ಲವೇ ಸುಳ್ಳು ಹೇಳುತ್ತಾನೆ.

ಅಂಥ ಹೊತ್ತಿನಲ್ಲಿ ‘ವಿಸಾರಿಚ್ಚು ಸೊಲ್ರೇನ್ ಅಮ್ಮಾ’ ಎಂದರೆ ಸಾಕು. ಯಾರೂ ಅದನ್ನು ಅವಮರ್ಯಾದೆಯೆಂದು ತಿಳಿಯುವುದಿಲ್ಲ. ಡ್ಯೂಟಿ ಮುಗಿಸಿ ಬಂದ ದಣಿವಿದ್ದರೆ ವಿಚಾರಣೆ ಮರುದಿನಕ್ಕಿರಲಿ. ಮೊದಲು ಏನು ನಡೆಯಿತೆಂದು ಮಗನ ಬಾಯಿಂದ ಪೂರ್ತಿ ಕೇಳಬೇಕು, ನಡುವೆ ಗದರಬಾರದು. ತಪ್ಪು ಅವನದಾಗಿದ್ದರೆ ಒಂದು ದಿನದ ಆಟ ತಪ್ಪಿಸಬಹುದು, ಹರಿದ ಪುಸ್ತಕವನ್ನು ಅವನ ಕೈಯಿಂದಲೇ ಅಂಟಿಸಿಸಬಹುದು. ಆಮೇಲೆ ಅವನ ಕೈಹಿಡಿದು ಆ ಹುಡುಗನ ಮನೆಗೆ ಕರೆದುಕೊಂಡು ಹೋಗಿ, ಇಬ್ಬರನ್ನೂ ಅಲ್ಲೇ ಆಡಲು ಬಿಟ್ಟು, ನಾವು ಸ್ವಲ್ಪ ಹೊತ್ತು ಜಗುಲಿಯ ಮೇಲೆ ಕುಳಿತಿರೋಣ.