ಪಾಪುಗೆ ನೆಗಡಿನಾ? ಮೊದಲು ಉಸಿರು ಎಣಿಸಿ

ನಂದಿ ಬೆಟ್ಟದ ಮಂಜು ನೋಡೋಕೆ ಬೆಂಗಳೂರಿಂದ ಕಾರುಗಳು ಬರೋ ಹೊತ್ತಿಗೆ ಸರಿಯಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆ ಮನೆಮನೆಯಲ್ಲೂ ಮಕ್ಕಳ ಮೂಗು ಸೋರೋಕೆ ಶುರು. ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ನಾನೇ ಮಾಡಿದ ಒಂದು ತಪ್ಪು ಹೇಳ್ತೀನಿ, ಕೇಳಿ.

ಶಿಡ್ಲಘಟ್ಟದಲ್ಲಿರೋ ನಮ್ಮಕ್ಕನ ಮಗಳಿಗೆ ಆಗ ಎಂಟು ತಿಂಗಳು. ಸಂಜೆಯಿಂದ ಮೂಗು ಕಟ್ಟಿ ಒಂದೇ ಸಮ ಅಳು. ಮೆಡಿಕಲ್ ಶಾಪಿಗೆ ಹೋಗಿ ‘ಮಗೂಗೆ ನೆಗಡಿ’ ಅಂದೆ. ಅವರು ವಯಸ್ಸು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಾಟ್ಲಿ ಬಂತು. ಅಕ್ಕ ಚಮಚ ಹುಡುಕ್ತಿದ್ದಾಗ ಲೇಬಲ್ ನೋಡಿದೆ. ಸಣ್ಣಕ್ಷರ ಓದೋ ಚಟ, ಕಾಮರ್ಸ್‌ನಿಂದ ಬಂದ ಒಂದೇ ಲಾಭ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತಿತ್ತು.

ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಎರಡೂ ಸೇರಿರೋ ನೆಗಡಿ ಔಷಧಿ ಮೇಲೆ ಹೀಗೆ ಮುದ್ರಿಸಲೇಬೇಕು ಅಂತ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೋಲ್ಡ್ರಿಫ್ ಸಿರಪ್ ಕುಡಿದು ಮಕ್ಕಳು ಸತ್ತಿದ್ದು ನಿಮಗೂ ನೆನಪಿರಬೇಕು. ಅದು ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಸೇರಿದ್ದರಿಂದ, ಅದೇ ಬೇರೆ ಕಥೆ. ಆದ್ರೆ ಅದಾದ್ಮೇಲೆ ನಮ್ಮ ರಾಜ್ಯದ ಆರೋಗ್ಯ ಇಲಾಖೆನೂ ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಸಿರಪ್ಪೇ ಬೇಡ ಅಂತು.

ನೆಗಡಿ ವೈರಸ್‌ನಿಂದ ಬರೋದು. ಆಂಟಿಬಯೋಟಿಕ್ ಅದಕ್ಕೆ ನಾಟಲ್ಲ. ವಾರ, ಹತ್ತು ದಿನಕ್ಕೆ ತಾನಾಗೇ ಹೋಗುತ್ತೆ. ಹಾಲು ಕುಡಿಸೋ ಮುಂಚೆ ಮೂಗಿಗೆ ಸಲೈನ್ ಡ್ರಾಪ್ಸ್ ಹಾಕಿ. ಎದೆಹಾಲು ನಿಲ್ಲಿಸಬೇಡಿ, ಸ್ವಲ್ಪ ಸ್ವಲ್ಪವೇ ಪದೇಪದೇ ಕೊಡಿ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ನೆಗಡಿ ಇರೋ ದೊಡ್ಡವರು ಕೈ ತೊಳೀದೆ ಪಾಪು ಎತ್ತಿಕೊಂಡು ಮುತ್ತು ಕೊಡೋದನ್ನ ದಯವಿಟ್ಟು ನಿಲ್ಲಿಸಿ, ಮಾವಂದಿರೂ ಸೇರಿ.

ಜಗಳ ಆಗಿದ್ದು ಸಾಂಬ್ರಾಣಿ ಹೊಗೆಗೆ. ಎಣ್ಣೆನೀರು ಆದ್ಮೇಲೆ ಹೊಗೆ ಹಿಡೀದಿದ್ರೆ ಶೀತ ಆಗುತ್ತೆ ಅಂತ ನಮ್ಮಜ್ಜಿ. ‘ಪಕ್ಕದಲ್ಲಿ ನೂಲು ಬಿಚ್ಚೋರು ಗೂಡು ಬೇಯಿಸೋ ಒಲೆ ಹೊಗೆ ಬಂದ್ರೆ ನೀನೇ ಕೆಮ್ತೀಯಲ್ಲಜ್ಜಿ’ ಅಂದೆ. ‘ಅದು ಸೌದೆ ಹೊಗೆ ಕಣೋ, ಇದು ದೇವರದು’ ಅಂದ್ಲು. ಪಾಪು ಉಸಿರಿಗೆ ಎರಡೂ ಒಂದೇ. ಈಗ ಸಾಂಬ್ರಾಣಿ ದೇವರ ಮುಂದೆ, ಪಾಪು ಒಳಗಿನ ರೂಮಲ್ಲಿ.

ಬೆಳಿಗ್ಗೆ ಆಶಾ ಅಕ್ಕ ಬಂದ್ರು. ಬಾಟ್ಲಿ ಕಡೆ ನೋಡಲೇ ಇಲ್ಲ. ಪಾಪು ಅಂಗಿ ಎತ್ತಿ, ಅಳು ನಿಲ್ಲೋವರೆಗೂ ಕಾದು, ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದ್ರು. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಜಾಸ್ತಿ ಬಂದ್ರೆ ಅದು ಬರೀ ನೆಗಡಿ ಅಲ್ಲದೇ ಇರಬಹುದು. ಎದೆಯ ಕೆಳಭಾಗ ಒಳಕ್ಕೆ ಸೆಳೀತಿದ್ರೆ, ಹಾಲು ಬಿಟ್ರೆ, ತುಟಿ ನೀಲಿಯಾದ್ರೆ, ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದ್ರೆ ಎಣಿಸ್ತಾನೂ ಕೂರಬೇಡಿ, ಹೊರಡಿ.

ನಮ್ಮ ಪಾಪುದು 58 ಬಂತು. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಅಂದ್ರು. ಸಿರಪ್ ಕುಡಿಸಿ, ಮಂಪರು ಹತ್ತಿ ಮಲಗಿದ್ರೆ ‘ವಾಸಿ ಆಯ್ತು’ ಅಂತ ನಾವು ಸುಮ್ಮನಿರ್ತಿದ್ವಿ. ಈಗ ಆರಾಮಾಗಿದಾಳೆ, ನನ್ನ ಮೈಕ್ ವೈರ್ ಎಳೀತಾಳೆ. ಅಕ್ಕ ಮಾತ್ರ ಪಾಪು ಸೀನಿದ್ರೂ ಸಾಕು, ಮೊಬೈಲ್‌ನಲ್ಲಿ ಟೈಮರ್ ಒತ್ತಿ ಪಕ್ಕದಲ್ಲಿ ಕೂರ್ತಾಳೆ.