ಪೇಟೆಗೆ ಸೇರಿದ ಊರು

(ತೋಟದ ಕೆಲಸಗಾರರ ಕೂಟದಲ್ಲಿ ಮಾಡಿದ ಮಾತು)



ನಮ್ಮ ತೋಟದ ಕೆಳಗಿನ ಪಂಚಾಯ್ತಿಯನ್ನು ಪೇಟೆಗೆ ಸೇರಿಸುತ್ತಾರಂತೆ ಎಂಬ ಮಾತು ಟೀ ಅಂಗಡಿಯಲ್ಲಿ ಓಡಾಡುತ್ತಿದೆ. ಕೆಲವರಿಗೆ ಸಂತೋಷ, ಕೆಲವರಿಗೆ ದಿಗಿಲು. ಅಲ್ಲಿ ಎರಡು ಸೆಂಟು ಜಾಗ ಕೊಂಡು ಮನೆ ಕಟ್ಟಿಕೊಂಡವರು ಯಾರು? ರಿಟೈರಾಗಿ ಲೈನ್ ಮನೆ ಬಿಟ್ಟುಕೊಟ್ಟ ನಮ್ಮ ಹಿರಿಯರೇ. ಆದ್ದರಿಂದ ಇದು ನಮ್ಮ ಮನೆಯ ವಿಷಯ.

ಹೀಗೆ ಸೇರಿಹೋದ ಊರುಗಳು ಹೊಸೂರಿನ ಸುತ್ತ ಇವೆ. ನಮ್ಮ ಎಷ್ಟೋ ಹುಡುಗರು ಅಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗಿರುವುದರಿಂದ ನಾವೂ ಹೋಗಿ ಬರುತ್ತೇವೆ. ಹೊಸೂರು ಎಂದರೆ ಹೊಸ ಊರು, ಹೆಸರು ಕನ್ನಡದ್ದೇ. ಕರ್ನಾಟಕದ ಗಡಿಗೆ ಅಂಟಿಕೊಂಡ ಜುಜುವಾಡಿ, ಅದರ ಪಕ್ಕದ ಮೂಕಂಡಪಳ್ಳಿ ಒಂದು ಕಾಲಕ್ಕೆ ಬೇಸಾಯದ ಹಳ್ಳಿಗಳು. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂತು. ರಾಗಿ ಹೊಲದ ಬದಿಯಲ್ಲಿ ಲಾರಿ, ಮೊಪೆಡ್, ಕೈಗಡಿಯಾರ ತಯಾರಾಗತೊಡಗಿದವು. ಮತ್ತಿಗಿರಿಯಂತೂ 1824ರಲ್ಲಿ ಆರಂಭವಾದ ದನಗಳ ಫಾರಂನಿಂದ ಹೆಸರಾದ ಊರು.

2011ರಲ್ಲಿ ಮತ್ತಿಗಿರಿ ಪಟ್ಟಣ ಪಂಚಾಯ್ತಿಯನ್ನೂ ಜುಜುವಾಡಿ, ಮೂಕಂಡಪಳ್ಳಿ, ಅವಲಪಳ್ಳಿ, ಚೆನ್ನತ್ತೂರು ಪಂಚಾಯ್ತಿಗಳನ್ನೂ ಹೊಸೂರು ನಗರಸಭೆಗೆ ಸೇರಿಸಿದರು. 2019ರಲ್ಲಿ ಅದು ಮಹಾನಗರಪಾಲಿಕೆಯೂ ಆಯಿತು. ಈಗ ಜುಜುವಾಡಿ ಎಂದರೆ ಬಸ್ ಕಂಡಕ್ಟರ್ ಕೂಗುವ ಒಂದು ಸ್ಟಾಪು.

ಸೇರಿದ್ದು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ರಸ್ತೆ, ದೀಪ, ಚರಂಡಿಗೆ ಪೇಟೆಯ ಹಣ ಬರುತ್ತದೆ, ಜಾಗಕ್ಕೆ ಬೆಲೆ ಏರುತ್ತದೆ. ಆದರೆ ಬೆಲೆ ಏರಿದರೆ ಮಾರುವವನಿಗೆ ಲಾಭ. ಬಾಡಿಗೆಗೆ ಇರುವವನಿಗೆ ಏನು? ಜಾಗ ಮಾರಿ ಮೋಟಾರ್ ಬೈಕು ಕೊಂಡವನ ಕಥೆ ನಿಮಗೆ ಗೊತ್ತೇ ಇದೆ, ಅದು ಬೇಡ.

ಕೂಲಿಯ ಮಾತಿಗೆ ಬರೋಣ. ನೂರು ದಿನದ ಕೆಲಸವನ್ನು 2005ರ ಕಾಯ್ದೆ ಹಳ್ಳಿಗಾಡಿಗೆ ಮಾತ್ರ ಕೊಟ್ಟಿತ್ತು. ಪಂಚಾಯ್ತಿ ನಗರಕ್ಕೆ ಸೇರಿದರೆ ಆ ಕೆಲಸ ನಿಲ್ಲುತ್ತಿತ್ತು. ತೋಟದ ಕೆಲಸ ಬಿಟ್ಟ ಅರವತ್ತು ವರ್ಷದ ತಾಯಿಯನ್ನು ಯಾವ ಕಾರ್ಖಾನೆಯ ಗೇಟಿನವನು ಒಳಗೆ ಬಿಡುತ್ತಾನೆ? ರಸ್ತೆ ಬದಿಯ ಹುಲ್ಲು ಹೆರೆಯುವ ಆ ಕೂಲಿಯಲ್ಲೇ ಆಕೆಯ ಮಾತ್ರೆ, ಎಣ್ಣೆ, ಮೊಮ್ಮಗುವಿನ ಬಿಸ್ಕತ್ತು ನಡೆಯುತ್ತಿದ್ದವು. ಮಕ್ಕಳ ಮುಂದೆ ಕೈಚಾಚದೆ ಇರುವ ಮರ್ಯಾದೆಯೂ ಅದರಲ್ಲೇ ಇತ್ತು.

ಇನ್ನು ಗ್ರಾಮಸಭೆ. ತಮಿಳುನಾಡಿನಲ್ಲಿ ಅದು ಸೇರುವ ದಿನಗಳಲ್ಲಿ ಮೇ 1 ಕೂಡ ಒಂದು. ಅಲ್ಲಿ ನಮ್ಮ ಅಕ್ಕಂದಿರು ಎದ್ದು ನಿಂತು ನೀರಿನ ಲೆಕ್ಕ ಕೇಳಬಹುದು. ನಗರಕ್ಕೆ ಸೇರಿದರೆ ಗ್ರಾಮಸಭೆ ಇಲ್ಲ. 2022ರ ನವೆಂಬರ್ 1ರಂದು ನಗರಗಳಲ್ಲಿಯೂ ಏರಿಯಾ ಸಭೆಗಳು ನಡೆದವು. ಅಲ್ಲಿಗೂ ಹೋಗಿ ಬಾಯಿ ಬಿಡಬೇಕು. ಪೇಟೆಯವರ ನಡುವೆ ನಮಗೆ ನಾಲಿಗೆ ಏಳುವುದು ಸ್ವಲ್ಪ ಕಷ್ಟ, ನಿಜ.

ಪಂಚಾಯ್ತಿ ಸೇರುವುದು ಖಂಡಿತವೋ ಸುಳ್ಳೋ, ಅಂಗಡಿ ಮಾತು ಬಿಟ್ಟು ತಾಲ್ಲೂಕು ಕಚೇರಿಗೇ ಬರೆದು ಕೇಳೋಣ. ಸೇರಿಸುವುದಾದರೆ ಮುದುಕರಿಗೆ ಏನು ಕೆಲಸ, ಮನೆ ತೆರಿಗೆ ಎಷ್ಟು ಎಂದು ಆ ಅರ್ಜಿಯಲ್ಲೇ ಕೇಳೋಣ. ಕೆಳಗಿನ ಊರಿನಲ್ಲಿ ಮನೆ ಇರುವವರು ಬರುವ ಭಾನುವಾರ ಮಧ್ಯಾಹ್ನ ಪಟ್ಟೆ, ತೆರಿಗೆ ರಸೀದಿ, ರೇಷನ್ ಕಾರ್ಡು ತೆಗೆದುಕೊಂಡು ಬನ್ನಿರಿ. ಪಟ್ಟೆ ಇಲ್ಲದವರೂ ಬನ್ನಿರಿ. ಅವರ ಹೆಸರನ್ನೇ ನಾವು ಮೊದಲು ಬರೆದುಕೊಳ್ಳುತ್ತೇವೆ.