ಫಲಕವಿಲ್ಲದ ರಸ್ತೆಗೆ ವೇಗಮಿತಿಯುಂಟೆ?

ಆಳಂದ ತಾಲೂಕಿನ ಮಟಕಿಯಂಥ ಊರಿಗೆ ಹೊರಟ ವಾಹನಕ್ಕೆ ದಾರಿಯುದ್ದಕ್ಕೂ ವೇಗಮಿತಿಯ ಫಲಕ ಒಂದೂ ಎದುರಾಗದೆ ಇರಬಹುದು. ಫಲಕವಿಲ್ಲವೆಂದರೆ ಮಿತಿಯೂ ಇಲ್ಲವೆಂದು ಬಗೆಯುವವರು ಬಹಳ ಮಂದಿ. ಕಾಯಿದೆ ಹಾಗೆ ಹೇಳುವುದಿಲ್ಲ.

1988ರ ಮೋಟಾರು ವಾಹನಗಳ ಕಾಯಿದೆಯ 112ನೆಯ ಕಲಮಿನ ಪ್ರಕಾರ, ಯಾವ ಸಾರ್ವಜನಿಕ ಸ್ಥಳದಲ್ಲಿಯೂ ವಾಹನಕ್ಕೆ ಗೊತ್ತುಪಡಿಸಿದ ಗರಿಷ್ಠ ವೇಗವನ್ನು ಮೀರಿ ಓಡಿಸಕೂಡದು. ಆ ಗರಿಷ್ಠವನ್ನು ಕೇಂದ್ರ ಸರಕಾರ ಅಧಿಸೂಚನೆಯಿಂದ ಸಾರುತ್ತದೆ. ರಸ್ತೆ, ಸೇತುವೆಗಳ ಸ್ಥಿತಿ ನೋಡಿ, ಜನರ ಸುರಕ್ಷಿತತೆಗಾಗಿ, ರಾಜ್ಯ ಸರಕಾರ ಅದನ್ನು ಇನ್ನಷ್ಟು ಇಳಿಸಬಹುದು. ಆಗ ಫಲಕ ನೆಡಿಸುತ್ತದೆ. ಅಂದರೆ ಫಲಕ ಹೇಳುವುದು ಆ ಸ್ಥಳದ ವಿಶೇಷ ಮಿತಿಯನ್ನು. ಸಾಮಾನ್ಯ ಮಿತಿಯಾದರೋ ವಾಹನದ ಜೊತೆಗೇ ಊರೂರು ತಿರುಗುತ್ತದೆ.

ಅದು ಎಷ್ಟು? 2018ರ ಏಪ್ರಿಲ್ 6ರ ಅಧಿಸೂಚನೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎಕ್ಸ್‌ಪ್ರೆಸ್ ಹಾದಿ ಮತ್ತು ನಡುವೆ ವಿಭಜಕವುಳ್ಳ ನಾಲ್ಕು ಸಾಲಿನ ಹಾದಿಗಳನ್ನು ಬಿಟ್ಟರೆ, ಉಳಿದ ರಸ್ತೆಗಳಲ್ಲಿ ಕಾರಿಗೆ ಗಂಟೆಗೆ 70 ಕಿಲೋಮೀಟರು. ಬಸ್ಸು, ಲಾರಿ, ಮೋಟಾರು ಸೈಕಲ್ಲುಗಳಿಗೆ 60. ಮೂರು ಗಾಲಿಯ ವಾಹನಕ್ಕೆ 50 ಎಂದು ಅದರಲ್ಲಿತ್ತು. ಅಷ್ಟು ವೇಗ ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. 2021ರಲ್ಲಿ ಮದ್ರಾಸ್ ಹೈಕೋರ್ಟು ಆ ಅಧಿಸೂಚನೆಯನ್ನು ರದ್ದುಗೊಳಿಸಿತು. ಅಂಕಿಗಳು ಹೀಗೆ ಬದಲಾಗಬಹುದು. ಮಿತಿಯೇ ಇಲ್ಲವೆಂಬ ಕಾಲ ಮಾತ್ರ ಬಂದಿಲ್ಲ.

ಇನ್ನೊಂದು ಮಾತು. ಗರಿಷ್ಠವೆಂದರೆ ಅದಕ್ಕಿಂತ ಹೆಚ್ಚು ಕೂಡದು ಎಂದರ್ಥವೇ ಹೊರತು ಅಷ್ಟು ವೇಗದಲ್ಲಿ ಹೋಗಲೇಬೇಕೆಂದಲ್ಲ. 60ರ ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಕಣ್ಣು ಕಂಡು, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಆ 17 ಮೀಟರು ಹಿಂದಾಗಿರುತ್ತದೆ. ವೇಗ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ.

ನಮ್ಮ ಸೀಮೆಯ ದಾರಿಗಳನ್ನು ನೆನೆಯಿರಿ. ಕಬ್ಬಿನ ಹಂಗಾಮಿನಲ್ಲಿ ಹಿಂದಿನ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರು, ತೊಗರಿಯ ರಾಶಿ ಮುಗಿಸಿ ಕತ್ತಲಲ್ಲಿ ಮನೆಗೆ ಮರಳುವವರು, ಗಾಣಗಾಪುರಕ್ಕೆ ನಡೆದುಹೋಗುವ ಭಕ್ತರು, ರಸ್ತೆ ದಾಟುವ ಕುರಿಹಿಂಡು. ಇವರಾರೂ ತಮ್ಮ ಮುಂದೆ ಫಲಕ ಹಿಡಿದು ನಡೆಯುವುದಿಲ್ಲ. ದೀಪದ ಬೆಳಕು ಮುಟ್ಟುವಷ್ಟು ದೂರದೊಳಗೆ ವಾಹನವನ್ನು ನಿಲ್ಲಿಸಬಲ್ಲೆನೆ? ರಾತ್ರಿ ಓಡಿಸುವವನು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಇಲ್ಲವೆಂದಾದರೆ 40 ಸಹ ಹೆಚ್ಚೇ.

ನಿಮ್ಮ ಮನೆಯಲ್ಲಿ ಹೊಸದಾಗಿ ಮೋಟಾರು ಸೈಕಲ್ಲು ಹಿಡಿದ ಮಗನಿರಬಹುದು, ತಮ್ಮನಿರಬಹುದು. ಲೈಸೆನ್ಸು ಬಂದಿತೆಂದು ಸಂತೋಷಪಡುವ ದಿನವೇ ಅವನಿಗೆ ಇಷ್ಟನ್ನು ತಿಳಿಸಿ ಹೇಳಿ.